ಕೇಳಿ ನೋಡಿ: ಉಪ್ಪಿನ ಬ್ಯಾಟರಿಗೆ ಕಾಯಬೇಕಾ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. ಮೊಬೈಲಿಗೆ ಹೊಸದೊಂದು ಸಂಶೋಧನೆಯ ಸುದ್ದಿ ಬಂದಿದೆ, ಅದು ನಿಜವೇ, ನಮ್ಮ ಊರಿಗೆ ಯಾವಾಗ ಬರುತ್ತೆ ಅಂತ. ಹಾಸನದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವಾಗ ಹುಡುಗರು ಕೇಳುತ್ತಿದ್ದುದು ‘ಇದು ಪರೀಕ್ಷೆಗೆ ಬರುತ್ತಾ ಮೇಡಂ?’ ಅಂತ. ಅದಕ್ಕಿಂತ ನಿಮ್ಮ ಪ್ರಶ್ನೆ ಎಷ್ಟೋ ವಾಸಿ.

ಪ್ರಶ್ನೆ: ಮೇಡಂ, ನಾನು ಮಂಡ್ಯ ಕಡೆಯವನು. ದಿನಾ ಎರಡು ಹೊತ್ತು ಡೇರಿಗೆ ಹಾಲು ಒಯ್ಯಬೇಕು. ಎಲೆಕ್ಟ್ರಿಕ್ ಸ್ಕೂಟರ್ ತೊಗೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ಆರೇ ನಿಮಿಷಕ್ಕೆ ಚಾರ್ಜ್ ಆಗೋ ಉಪ್ಪಿನ ಬ್ಯಾಟರಿಯನ್ನ ಬೆಂಗಳೂರಲ್ಲೇ ಕಂಡುಹಿಡಿದಿದ್ದಾರೆ ಅಂತ ಭಾವಮೈದ ವಾಟ್ಸಾಪ್ ಕಳಿಸಿದ. ಕಾಯೋದಾ, ತೊಗೊಳ್ಳೋದಾ? ಇನ್ನೊಂದು, ನಮ್ಮ ಜಿಲ್ಲೆಯಲ್ಲೇ ಲಿಥಿಯಂ ಸಿಕ್ಕಿದೆಯಲ್ಲ, ಅದರಿಂದ ಬ್ಯಾಟರಿ ಅಗ್ಗ ಆಗಲ್ವಾ?

ತೊಗೊಳ್ಳಿ. ಕಾರಣ ಸ್ವಲ್ಪ ಉದ್ದ ಇದೆ, ಓದಿ.

ನಿಮ್ಮ ಭಾವಮೈದ ಕಳಿಸಿದ್ದು ಸುಳ್ಳಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಸಿ. ಎನ್. ಆರ್. ರಾವ್ ಕಟ್ಟಿದ ಸಂಸ್ಥೆ. ಅಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಸೋಡಿಯಂ (ನಮ್ಮ ಅಡುಗೆ ಉಪ್ಪಿನಲ್ಲಿ ಇರುವುದು ಇದೇ) ಬ್ಯಾಟರಿಗೆ ಹೊಸ ವಸ್ತುವೊಂದನ್ನು ಮಾಡಿತು. 6 ನಿಮಿಷಕ್ಕೆ ಶೇ 80ರಷ್ಟು ಚಾರ್ಜ್ ಆಗುತ್ತದೆ, 3,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದು ಎಂದು 2025ರಲ್ಲಿ ತಿಳಿಸಿದರು. ಅವರು ಮಾಡಿದ್ದು ಮುಖ್ಯವಾಗಿ ಮೂರು ಕೆಲಸ. ಪುಡಿಯ ಕಣಗಳನ್ನು ತೀರಾ ಸಣ್ಣದು ಮಾಡಿದರು. ಅವುಗಳ ಮೇಲೆ ಇಂಗಾಲದ ತೆಳು ಲೇಪ ಕೊಟ್ಟರು. ಚೂರು ಅಲ್ಯೂಮಿನಿಯಂ ಬೆರೆಸಿದರು. ಸೋಡಿಯಂ ಒಳಗೆ ಹೋಗಿ ಹೊರಗೆ ಬರುವ ದಾರಿ ಸಲೀಸಾಯಿತು. ಒಳ್ಳೆ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಸ್ತುವಿನಲ್ಲಿ ನಿಯೋಬಿಯಂ, ವೆನೇಡಿಯಂ ಎಂಬ ಲೋಹಗಳೂ ಇವೆ. ಇವು ಉಪ್ಪಿನ ರೇಟಿಗೆ ಸಿಗುವುದಿಲ್ಲ. ವಾಟ್ಸಾಪ್‌ನವರು ಇದನ್ನು ಹೇಳುವುದಿಲ್ಲ.

ಈಗ ಆರು ನಿಮಿಷದ ಲೆಕ್ಕ ಹಾಕೋಣ. ನಿಮ್ಮ ಸ್ಕೂಟರಿನ ಬ್ಯಾಟರಿ 3 ಯೂನಿಟ್‌ನದು ಅಂತಿಟ್ಟುಕೊಳ್ಳಿ. ಅದರಲ್ಲಿ ಶೇ 80 ಅಂದರೆ 2.4 ಯೂನಿಟ್. ಅಷ್ಟನ್ನು ಗಂಟೆಯ ಹತ್ತನೇ ಒಂದು ಭಾಗದಲ್ಲಿ ತುಂಬಬೇಕಾದರೆ 24 ಕಿಲೋವಾಟ್ ಬೇಕು. ನಿಮ್ಮ ಮನೆಯ ಗೀಸರ್ 2 ಕಿಲೋವಾಟ್. ಹನ್ನೆರಡು ಗೀಸರ್ ಒಟ್ಟಿಗೆ ಹಾಕಿದ ಹಾಗಾಯಿತು. ಮನೆಯ 15 ಆಂಪ್ ಪ್ಲಗ್ ಕೊಡಬಲ್ಲದ್ದು ಹೆಚ್ಚೆಂದರೆ ಮೂರೂವರೆ ಕಿಲೋವಾಟ್. ನಮ್ಮ ಮನೆಯಲ್ಲಂತೂ ಗೀಸರ್ ಮತ್ತು ಸ್ಕೂಟರ್ ಚಾರ್ಜರ್ ಒಟ್ಟಿಗೆ ಹಾಕಿದರೇ ಎಂಸಿಬಿ ಬೀಳುತ್ತದೆ, ಯಜಮಾನರು ಬಾತ್‌ರೂಮಿನಿಂದ ಕೂಗುತ್ತಾರೆ. ಅಂದರೆ ಬ್ಯಾಟರಿ ಎಷ್ಟೇ ಬೇಗ ಕುಡಿಯಲು ತಯಾರಿದ್ದರೂ ಸೆಸ್ಕ್‌ನವರ ಲೈನು ಅಷ್ಟು ಬೇಗ ಕೊಡಲ್ಲ. ನಿಮಗೆ ಅದು ಬೇಕಾಗಿಯೂ ಇಲ್ಲ. ಬೆಳಗಿನ ಹಾಲು ಹಾಕಿ ಬಂದರೆ ಮತ್ತೆ ಸಂಜೆಯವರೆಗೆ ಸ್ಕೂಟರ್ ಸುಮ್ನೆ ನಿಂತಿರುತ್ತದೆ, ಅಲ್ವಾ?

ಲ್ಯಾಬಿನಲ್ಲಿ ಗೆದ್ದ ವಸ್ತು ಅಂಗಡಿಗೆ ಬರಲು ಎಷ್ಟು ಕಾಲ ಬೇಕು ಎಂಬುದಕ್ಕೆ ನಿಮ್ಮ ಸ್ಕೂಟರಿಗೇ ಸಂಬಂಧಿಸಿದ ಕಥೆ ಇದೆ. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿ ಮಾರಲು ಶುರು ಮಾಡಿದಾಗ ಅದರಲ್ಲಿ ಕೋಬಾಲ್ಟ್ ಇತ್ತು. ದುಬಾರಿ, ಬಿಸಿಯಾದರೆ ಅಪಾಯ. ಕೋಬಾಲ್ಟ್ ಬದಲು ಕಬ್ಬಿಣ ಮತ್ತು ಫಾಸ್ಫೇಟ್ ಹಾಕಬಹುದು ಎಂದು 1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಮೂವರು ಬರೆದರು. ಒಬ್ಬರು ಜಾನ್ ಗುಡೆನಫ್. ಇವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. ಇನ್ನಿಬ್ಬರು ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಆ ಕಡೆಯ ಹೆಸರನ್ನು ಓದಿದಾಗ ನನಗೆ ಖುಷಿಯಾಗಿತ್ತು. ಮುಂದೆ ನೋಡಿದರೆ ಆ ಪುಡಿಯಲ್ಲಿ ವಿದ್ಯುತ್ತೇ ಸರಿಯಾಗಿ ಹರಿಯುತ್ತಿರಲಿಲ್ಲ. ಕಣ ಸಣ್ಣದು ಮಾಡು, ಇಂಗಾಲ ಲೇಪಿಸು ಅಂತ ಬೇರೆ ಬೇರೆಯವರು ವರ್ಷಗಟ್ಟಲೆ ಒದ್ದಾಡಿದರು. ಆಮೇಲೆ ಚೀನಾದ ಕಾರ್ಖಾನೆಗಳು ಅದನ್ನು ಟನ್‌ಗಟ್ಟಲೆ ಮಾಡಲು ಕಲಿತವು. ಅಲ್ಲಿನ ಕಾರು ಕಂಪನಿ ಬಿವೈಡಿಯವರ ಬ್ಲೇಡ್ ಬ್ಯಾಟರಿ, ಅದೂ ಕಬ್ಬಿಣದ್ದೇ, ಬಂದಿದ್ದು 2020ರಲ್ಲಿ. ಮೊದಲ ಬರಹದಿಂದ 23 ವರ್ಷ. ಜಕ್ಕೂರಿನವರಿಗೆ ಅಷ್ಟು ಹಿಡಿಯದೇ ಇರಲಿ. ಆದರೆ ಮುಂದಿನ ದೀಪಾವಳಿಗೆ ಷೋರೂಮಿನಲ್ಲಿ ಹುಡುಕಬೇಡಿ.

ಹಾಗಂತ ಸೋಡಿಯಂ ಬ್ಯಾಟರಿ ಕನಸೇನಲ್ಲ. ಚೀನಾದಲ್ಲಿ 2024ರ ಜನವರಿಯಿಂದ ಸೋಡಿಯಂ ಬ್ಯಾಟರಿಯ ಸಣ್ಣ ಕಾರುಗಳನ್ನು ಗ್ರಾಹಕರಿಗೆ ಕೊಡುತ್ತಿದ್ದಾರೆ. ಅಲ್ಲಿನ ಸಿಎಟಿಎಲ್ ಕಂಪನಿ 2021ರಲ್ಲಿ ಕಿಲೋಗೆ 160 ವಾಟ್-ಅವರ್ ಹಿಡಿಯುವ ಸೋಡಿಯಂ ಸೆಲ್ ತೋರಿಸಿತ್ತು. 2025ರಲ್ಲಿ ಅದನ್ನು 175ಕ್ಕೆ ಏರಿಸಿದ್ದೇವೆ ಎಂದಿತು. ಇದು ಕಬ್ಬಿಣ-ಫಾಸ್ಫೇಟ್ ಸೆಲ್ಲಿನ ಹತ್ತಿರ ಹತ್ತಿರ. ಸೋಡಿಯಂನ ಕಷ್ಟ ಅದರ ಹುಟ್ಟುಗುಣ. ಪರಮಾಣು ತೂಕ 23, ಲಿಥಿಯಂನದು 7. ಗಾತ್ರವೂ ದೊಡ್ಡದು, ವೋಲ್ಟೇಜೂ ಸ್ವಲ್ಪ ಕಮ್ಮಿ. ಅನುಕೂಲವೂ ಇದೆ. ಲಿಥಿಯಂ ಬ್ಯಾಟರಿಯ ಒಂದು ಬದಿಗೆ ತಾಮ್ರದ ಹಾಳೆಯೇ ಬೇಕು. ಸೋಡಿಯಂನಲ್ಲಿ ಎರಡೂ ಬದಿಗೆ ಅಲ್ಯೂಮಿನಿಯಂ ನಡೆಯುತ್ತದೆ. ಚಳಿಗೂ ಜಗ್ಗಲ್ಲ. ನನಗನಿಸುವುದು, ನಮ್ಮಲ್ಲಿ ಇದು ಮೊದಲು ಬರಬೇಕಾದ್ದು ಸ್ಕೂಟರಿಗಲ್ಲ, ಮನೆಯ ಯುಪಿಎಸ್‌ಗೆ ಮತ್ತು ಸೋಲಾರಿಗೆ. ಒಂದೇ ಕಡೆ ಕೂತಿರುವ ಬ್ಯಾಟರಿ ನಾಲ್ಕು ಕಿಲೋ ಜಾಸ್ತಿ ತೂಗಿದರೆ ಯಾರಿಗೇನು?

ಇನ್ನು ನಿಮ್ಮ ಜಿಲ್ಲೆಯ ಮಾರ್ಲಗಲ್ಲದಲ್ಲಿ ಸಿಕ್ಕ ಲಿಥಿಯಂ. 2020ರಲ್ಲಿ 14,100 ಟನ್ ಎಂಬ ಅಂದಾಜು ಪತ್ರಿಕೆಗಳಲ್ಲಿ ಬಂದಿತ್ತು. ಪರಮಾಣು ಖನಿಜ ನಿರ್ದೇಶನಾಲಯದವರು ಆಮೇಲೆ ಹೇಳಿದ್ದು 1,600 ಟನ್. ಬ್ಯಾಟರಿಯ ಒಂದು ಯೂನಿಟ್‌ಗೆ ಸುಮಾರು 100 ಗ್ರಾಂ ಲಿಥಿಯಂ ಬೇಕು. ನಿಮ್ಮ ಸ್ಕೂಟರಿಗೆ 300 ಗ್ರಾಂ. 1,600 ಟನ್ನನ್ನು ಒಂದು ಗ್ರಾಂ ಬಿಡದೆ ತೆಗೆದರೂ ಐವತ್ಮೂರು ಲಕ್ಷ ಸ್ಕೂಟರ್ ಆದೀತು. ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಯ ಹತ್ತಿರ ದ್ವಿಚಕ್ರ ವಾಹನ ಮಾರಾಟವಾಗುತ್ತವೆ. ಎಲ್ಲವೂ ಎಲೆಕ್ಟ್ರಿಕ್ ಆದರೆ ಮೂರು ತಿಂಗಳ ಸರಕು. ಅದೂ ಗಟ್ಟಿ ಬಂಡೆಯೊಳಗಿದೆ. ಒಡೆದು, ಸುಮಾರು ಸಾವಿರ ಡಿಗ್ರಿಯಲ್ಲಿ ಸುಟ್ಟು, ಆಸಿಡ್‌ನಲ್ಲಿ ಕರಗಿಸಿ ತೆಗೆಯಬೇಕು. ನಿಮ್ಮ ಕಡೆ ಗದ್ದೆಗೆ ಚಿನ್ನದ ಬೆಲೆ ಬರುತ್ತೆ ಅಂತ ಯಾರಾದರೂ ಬ್ರೋಕರ್ ಬಂದರೆ ಕಾಫಿ ಕೊಟ್ಟು ಕಳಿಸಿ.

ಷೋರೂಮಿನಲ್ಲಿ ಎರಡು ವಿಷಯ ಕೇಳಿ. ಬ್ಯಾಟರಿ ಎಲ್‌ಎಫ್‌ಪಿಯೋ ಎನ್‌ಎಂಸಿಯೋ? ವಾರಂಟಿ ಎಷ್ಟು ವರ್ಷ, ಅದು ಬರಹದಲ್ಲಿ ಇದೆಯೇ? ಎಲ್‌ಎಫ್‌ಪಿ ಅಂದರೆ ಮೇಲೆ ಹೇಳಿದ ಕಬ್ಬಿಣದ್ದೇ. ಸ್ವಲ್ಪ ಭಾರ, ಆದರೆ ಬಿಸಿಲಿಗೆ ಮತ್ತು ದಿನಾ ಪೂರ್ತಿ ಚಾರ್ಜಿಗೆ ಚೆನ್ನಾಗಿ ಬಾಳುತ್ತದೆ. ಎನ್‌ಎಂಸಿ ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟಿನದು. ಅದಾದರೆ ದಿನಬಳಕೆಗೆ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವುದು ಒಳ್ಳೆಯದು. ಯಾವುದೇ ಆಗಲಿ, ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಆರಲು ಬಿಡಿ.

ಪ್ರಶ್ನೆ: ನಮಸ್ತೆ ಅಮ್ಮ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಹೋದ ಮಳೆಗಾಲದಲ್ಲಿ ದರಗು ಗುಡಿಸುವಾಗ ನಮ್ಮ ಕೆಲಸದಾಕೆಗೆ ಕೊಳಕುಮಂಡಲ ಕಚ್ಚಿತು. ಬದುಕಿಕೊಂಡಳು, ಆದರೆ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು, ನಡುಕ. ಈಗ ಕುದುರೆ ರಕ್ತ ಬೇಡ, ಕಂಪ್ಯೂಟರ್‌ನಲ್ಲೇ ಹಾವಿನ ಔಷಧ ಮಾಡಿದ್ದಾರೆ ಅಂತ ಓದಿದೆ. ನಮ್ಮ ಆಸ್ಪತ್ರೆಗೆ ಬಂದಿದೆಯೇ?

ಇನ್ನೂ ಬಂದಿಲ್ಲ. ಬಂದರೂ ಮೊದಲು ಬರುವುದು ನಿಮ್ಮ ಕೆಲಸದಾಕೆಗೆ ಕಚ್ಚಿದ ಹಾವಿಗಲ್ಲ.

ಆ ದದ್ದು, ನಡುಕಕ್ಕೆ ಕಾರಣ ಕುದುರೆಯ ಪ್ರೋಟೀನ್. ಪ್ರತಿವಿಷ ಮಾಡುವ ವಿಧಾನ ನೂರಿಪ್ಪತ್ತು ವರ್ಷಕ್ಕೂ ಹಳೆಯದು. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚುತ್ತಾರೆ. ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಅದನ್ನು ಸೋಸಿ ಸೀಸೆಗೆ ತುಂಬುತ್ತಾರೆ. ನಮ್ಮ ದೇಶದ ಎಎಸ್‌ವಿ (ಈ ಪ್ರತಿವಿಷಕ್ಕೆ ಡಾಕ್ಟರುಗಳ ಹೆಸರು) ನಾಲ್ಕು ಹಾವುಗಳಿಗೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬಂದದ್ದು. ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷದ ಕೂಡಿಕೆ ಬೇರೆಯಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಾಗರ್ ಅವರ ತಂಡ ಇದನ್ನು ಹಲವು ರಾಜ್ಯಗಳ ಹಾವುಗಳಲ್ಲಿ ತೋರಿಸಿದೆ. ನಿಮ್ಮ ತೋಟದಲ್ಲೇ ಇರುವ, ಮೂತಿ ಮೇಲಕ್ಕೆ ಎತ್ತಿದ ಸಣ್ಣ ಗುಳಿಮಂಡಲಕ್ಕೆ ಈ ಎಎಸ್‌ವಿ ಆಗುವುದೇ ಇಲ್ಲ. ಕಾಳಿಂಗವೂ ಆ ನಾಲ್ಕರ ಪಟ್ಟಿಯಲ್ಲಿಲ್ಲ.

ನೀವು ಓದಿದ ಸುದ್ದಿಯಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿರಬೇಕು. ಒಂದು ಸುನಾಗರ್ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಮಾಡಿದ್ದು. ಮನುಷ್ಯರ ಪ್ರತಿಕಾಯಗಳ ದೊಡ್ಡ ಸಂಗ್ರಹವನ್ನು ಯೀಸ್ಟ್ ಕೋಶಗಳ ಮೇಲೆ ಬೆಳೆಸಿ, ವಿಷಕ್ಕೆ ಗಟ್ಟಿಯಾಗಿ ಅಂಟುವ ಒಂದನ್ನು ಹೆಕ್ಕಿದರು. ಕುದುರೆಯ ಪ್ರೋಟೀನ್ ಇಲ್ಲ, ಹಾಗಾಗಿ ದದ್ದಿನ ಭಯ ಕಮ್ಮಿ. ವಿಷ ಹೋಗಿ 20 ನಿಮಿಷ ಕಳೆದು ಕೊಟ್ಟರೂ ಇಲಿಗಳು ಉಳಿದವು. ಇದು 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಇನ್ನೊಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಮತ್ತು ಡೆನ್ಮಾರ್ಕಿನವರ ಕೆಲಸ. ಪ್ರಕೃತಿಯಲ್ಲಿ ಇಲ್ಲದ ಪುಟ್ಟ ಪ್ರೋಟೀನನ್ನು ಕಂಪ್ಯೂಟರಿನಲ್ಲೇ ರೂಪಿಸಿದರು. 2025ರ ಜನವರಿಯಲ್ಲಿ ಬಂತು. ಬೇಕರ್ ಅವರಿಗೆ ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಪ್ರೋಟೀನ್ ವಿನ್ಯಾಸಕ್ಕೆ ನೊಬೆಲ್ ಘೋಷಣೆಯಾಗಿತ್ತು. ಇದನ್ನೂ ಪರೀಕ್ಷಿಸಿದ್ದು ಇಲಿಗಳ ಮೇಲೆಯೇ.

ಎರಡೂ ಹಿಡಿಯುವುದು ನಾಗರ, ಕಟ್ಟುಹಾವು, ಕಾಳಿಂಗ ಇಂಥ ಹಾವುಗಳ ನರ ಕಟ್ಟುವ ವಿಷವನ್ನು. ಕೊಳಕುಮಂಡಲದ ವಿಷ ಬೇರೆ ಥರ. ಅದರಲ್ಲಿ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವ ಹಲವು ಕಿಣ್ವಗಳಿವೆ, ಒಂದು ಅಂಟು ಸಾಲದು. ನಮ್ಮ ದೇಶದಲ್ಲಿ ಜಾಸ್ತಿ ಜೀವ ತೆಗೆಯುವುದು ಅದೇ ಹಾವು. ಆ ಕಿಣ್ವಗಳಲ್ಲಿ ಒಂದನ್ನು ತಡೆಯುವ ವರೆಸ್ಪ್ಲಾಡಿಬ್ ಎಂಬ ಮಾತ್ರೆಯನ್ನು ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಜನರ ಮೇಲೇ ಪರೀಕ್ಷಿಸಿದ್ದಾರೆ. ಒಟ್ಟಾರೆ ಫಲಿತಾಂಶ ಅಂದುಕೊಂಡಷ್ಟು ಬರಲಿಲ್ಲ. ಬೇಗ ಕೊಟ್ಟವರಲ್ಲಿ ಸ್ವಲ್ಪ ಆಸೆ ಕಂಡಿದೆ. ಇಂಜೆಕ್ಷನ್ನಿಗಿಂತ ಮೊದಲು, ಆಂಬುಲೆನ್ಸಿನಲ್ಲೇ ನುಂಗಿಸಬಹುದಾದ ಮಾತ್ರೆ ಬಂದರೆ ಮಲೆನಾಡಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಾನು ಕಣ್ಣಿಟ್ಟಿರುವುದು ಅದರ ಮೇಲೆ.

ಸದ್ಯಕ್ಕೆ ಎಎಸ್‌ವಿಯೇ ಗತಿ. ದದ್ದು ಬಂತು ಅಂತ ಹೆದರಿ ಯಾರೂ ಬೇಡ ಅನ್ನಬಾರದು. ಅದನ್ನು ಸಂಭಾಳಿಸಲು ಅಡ್ರಿನಲಿನ್ ಇದೆ, ಡಾಕ್ಟರಿಗೆ ಗೊತ್ತು. ಮೊದಲ ಸುತ್ತಿಗೇ 8ರಿಂದ 10 ವಯಲ್ ಬೇಕಾಗುತ್ತದೆ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಎಷ್ಟಿದೆ ಎಂದು ಮಳೆಗಾಲಕ್ಕೆ ಮುಂಚೆ ಹೋಗಿ ವಿಚಾರಿಸಿ. ಕೇಳುವವರಿದ್ದರೆ ತರಿಸಿಡುತ್ತಾರೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು, ದೇಶದಲ್ಲೇ ಮೊದಲು. ಪ್ರತಿಯೊಂದು ಕಡಿತವನ್ನೂ ಆಸ್ಪತ್ರೆಯವರು ವರದಿ ಮಾಡಲೇಬೇಕು. ಎಲ್ಲಿ ಎಷ್ಟು ವಯಲ್ ಬೇಕು ಎಂಬ ಲೆಕ್ಕ ಹುಟ್ಟುವುದು ಆ ವರದಿಗಳಿಂದಲೇ, ಹಾಗಾಗಿ ಅದು ಕಾಗದದ ಕೆಲಸ ಅಂತ ಮೂಗು ಮುರಿಯಬೇಡಿ.

ಕಚ್ಚಿದ ಜಾಗ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ. ಕೈಯೋ ಕಾಲೋ ಮುರಿದಾಗ ಕಟ್ಟುವಂತೆ ಪಟ್ಟಿ ಕಟ್ಟಿ ಅಲುಗಾಡಿಸದೆ 108ರಲ್ಲಿ ಕರೆದೊಯ್ಯಿರಿ. ಅಲ್ಲಿ ಡಾಕ್ಟರು ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟರೆ ‘ಸುಮ್ಮನೆ ಕೂತಿದ್ದಾರೆ’ ಅಂತ ಜಗಳ ತೆಗೆಯಬೇಡಿ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಿರುತ್ತಾರೆ. ಕೊಳಕುಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ಯಾವ ಮೆಷಿನ್ನೂ ಬೇಡದ ಪರೀಕ್ಷೆ ಅದು.

ಪ್ರಶ್ನೆ: ಎಚ್. ಡಿ. ಕೋಟೆ ತಾಲೂಕಿನಲ್ಲಿ ಆಶಾ ಕಾರ್ಯಕರ್ತೆ ನಾನು. ಹಾಡಿಯ ಕೆಲವು ಮಕ್ಕಳಿಗೆ ಸಿಕಲ್ ಸೆಲ್ ಇದೆ. ಜೀನ್ ಕತ್ತರಿಸಿ ವಾಸಿ ಮಾಡುತ್ತಾರೆ ಅಂತ ಟಿವಿಯಲ್ಲಿ ಬಂತು. ಒಬ್ಬ ತಾಯಿ ಅದನ್ನು ಕೇಳಿ ಮಗುವಿನ ಮಾತ್ರೆಯನ್ನೇ ನಿಲ್ಲಿಸಿದ್ದಾಳೆ. ಏನು ಹೇಳಲಿ ಮೇಡಂ?

ಇವತ್ತೇ ಹೋಗಿ ಮಾತ್ರೆ ಶುರು ಮಾಡಿಸಿ, ಆಮೇಲೆ ಇದನ್ನು ಓದಿ.

ಹಿಮೋಗ್ಲೋಬಿನ್ನಿನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿ, ರಕ್ತದ ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗುವ ಕಾಯಿಲೆ ಇದು. ಹುಟ್ಟಿದ ಮಗುವಿಗೆ ಕೆಲವು ತಿಂಗಳು ತೊಂದರೆ ಕಾಣುವುದಿಲ್ಲ. ಗರ್ಭದಲ್ಲಿದ್ದಾಗ ನಮಗೆಲ್ಲ ಬೇರೆಯದೇ ಹಿಮೋಗ್ಲೋಬಿನ್ ಇರುತ್ತದೆ, ಅದು ಮಗುವನ್ನು ಕಾಯುತ್ತದೆ. ಜಾನೆಟ್ ವಾಟ್ಸನ್ ಎಂಬ ವೈದ್ಯೆ ಇದನ್ನು 1948ರಲ್ಲೇ ಗುರುತಿಸಿದ್ದರು. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನ್ ಆ ಗರ್ಭದ ಹಿಮೋಗ್ಲೋಬಿನ್ನನ್ನು ಬಂದ್ ಮಾಡುತ್ತದೆ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಚಿಕಿತ್ಸೆ ಮಾಡುವುದು ಇಷ್ಟು: ರೋಗಿಯ ಸ್ಟೆಮ್ ಸೆಲ್, ಅಂದರೆ ಮಜ್ಜೆಯಲ್ಲಿ ರಕ್ತಕಣ ಹುಟ್ಟಿಸುವ ಮೂಲ ಕೋಶ, ತೆಗೆದು, ಆ ಬಂದ್ ಮಾಡುವ ಜೀನಿನ ಕೈ ಕಟ್ಟಿ, ವಾಪಸ್ ಹಾಕುವುದು. ಗರ್ಭದ ಹಿಮೋಗ್ಲೋಬಿನ್ ಮತ್ತೆ ಬರುತ್ತದೆ. ನಡುವೆ ಕ್ಯಾನ್ಸರ್‌ನವರಿಗೆ ಕೊಡುವಂಥ ಭಾರಿ ಔಷಧದಿಂದ ಹಳೆಯ ಮಜ್ಜೆಯನ್ನು ಖಾಲಿ ಮಾಡಬೇಕು, ವಾರಗಟ್ಟಲೆ ಆಸ್ಪತ್ರೆ. ಅಮೆರಿಕದ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮೇಲೆ.

ಈಗ ಆ ತಾಯಿಗೆ ಇದನ್ನು ಹೇಳಿ. ಅವಳು ನಿಲ್ಲಿಸಿದ ಮಾತ್ರೆ ಹೈಡ್ರಾಕ್ಸಿಯೂರಿಯಾ ಆಗಿದ್ದರೆ, ಅದು ಮಾಡುವುದೂ ಮುಖ್ಯವಾಗಿ ಅದೇ ಕೆಲಸ. ಗರ್ಭದ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ. ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ದಿನಾ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಬೇಕು. ಆದರೆ ನೋವಿನ ಬಾಧೆ ಕಮ್ಮಿಯಾಗುತ್ತದೆ, ಆಯಸ್ಸು ಉಳಿಯುತ್ತದೆ. ಹದಿನೆಂಟು ಕೋಟಿಯ ದಾರಿಯೂ ಈ ಮಾತ್ರೆಯ ದಾರಿಯೂ ಒಂದೇ ದಿಕ್ಕಿನವು.

ದೆಹಲಿಯ ಐಜಿಐಬಿ ಸಂಸ್ಥೆ ನಮ್ಮದೇ ಚಿಕಿತ್ಸೆಯೊಂದನ್ನು ರೂಪಿಸಿ, ಬಿರ್ಸಾ ಮುಂಡಾ ಹೆಸರಿನಲ್ಲಿ ಬಿರ್ಸಾ 101 ಎಂದು ಕರೆದು, 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಸೀರಮ್ ಇನ್‌ಸ್ಟಿಟ್ಯೂಟ್ ಕೈಜೋಡಿಸಿದೆ. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಕಿರಣ್ ಮುಸುನೂರು, ರೆಬೆಕಾ ಅಹ್ರೆನ್ಸ್-ನಿಕ್ಲಾಸ್ ಎಂಬ ವೈದ್ಯರು ಒಂದು ಹಸುಗೂಸಿನ ಲಿವರ್ ಕಾಯಿಲೆಗೆ ಆರು ತಿಂಗಳಲ್ಲಿ ಅದಕ್ಕಾಗಿಯೇ ಜೀನ್ ಔಷಧ ಮಾಡಿ ಡ್ರಿಪ್‌ನಲ್ಲಿ ಕೊಟ್ಟರು. ಮಜ್ಜೆ ಖಾಲಿ ಮಾಡದೆ ಹೀಗೆ ಡ್ರಿಪ್‌ನಲ್ಲಿ ಕೊಡುವ ಕಾಲ ಸಿಕಲ್ ಸೆಲ್‌ಗೂ ಬಂದರೆ ಹಾಡಿಯ ಮಕ್ಕಳಿಗೆ ನಿಜವಾದ ಲಾಭ. ಆ ದಿನ ಬಂದಾಗ ಮಗು ಗಟ್ಟಿಮುಟ್ಟಾಗಿ ಇರಬೇಕಲ್ಲ? ಅದಕ್ಕೆ ಮಾತ್ರೆ.

ಪ್ರಶ್ನೆ: ಧಾರವಾಡದ ನಿವೃತ್ತ ಬ್ಯಾಂಕ್ ನೌಕರ. ಸಕ್ಕರೆ ಕಾಯಿಲೆಗೆ ವಾರಕ್ಕೊಂದು ಚುಚ್ಚುವ ಹೊಸ ಔಷಧವನ್ನು ಡಾಕ್ಟರ್ ಹೇಳಿದ್ದಾರೆ. ಅದು ಹಲ್ಲಿಯ ವಿಷದಿಂದ ಮಾಡಿದ್ದಂತೆ. ನಾವು ಶುದ್ಧ ಸಸ್ಯಾಹಾರಿಗಳು.

ನಿಮ್ಮ ಡಾಕ್ಟರ್ ಹೇಳಿದ್ದು ಸೆಮಾಗ್ಲುಟೈಡ್ ಆಗಿದ್ದರೆ ಅದರಲ್ಲಿ ಹಲ್ಲಿ ಇಲ್ಲ ಸ್ವಾಮಿ. ಅಮೆರಿಕದ ಮರಳುಗಾಡಿನ ಹೀಲಾ ಎಂಬ ದೊಡ್ಡ ಹಲ್ಲಿಯ ವಿಷದಲ್ಲಿ ಜಾನ್ ಎಂಗ್ ಎಂಬ ವೈದ್ಯರು ಒಂದು ಹಾರ್ಮೋನ್ ಕಂಡದ್ದು ನಿಜ. ಅದರ ಮಾದರಿಯಲ್ಲಿ 2005ರಲ್ಲಿ ಎಕ್ಸೆನಾಟೈಡ್ ಬಂತು. ಅದನ್ನೂ ಹಲ್ಲಿ ಹಿಂಡಿ ಮಾಡುತ್ತಿರಲಿಲ್ಲ, ಕಾರ್ಖಾನೆಯಲ್ಲೇ ಜೋಡಿಸುತ್ತಿದ್ದರು. ಸೆಮಾಗ್ಲುಟೈಡ್ ನಮ್ಮ ಕರುಳಿನಲ್ಲೇ ಇರುವ ಜಿಎಲ್‌ಪಿ-1 ಹಾರ್ಮೋನಿನ ತಿದ್ದಿದ ರೂಪ. ನಮ್ಮದು ರಕ್ತದಲ್ಲಿ ಒಂದೆರಡು ನಿಮಿಷ ಉಳಿದರೆ ಹೆಚ್ಚು. ಇದಕ್ಕೆ ಕೊಬ್ಬಿನ ಬಾಲ ಅಂಟಿಸಿದ್ದಾರೆ, ಹಾಗಾಗಿ ವಾರ ಬಾಳುತ್ತದೆ. ಅದನ್ನು ಮೊದಲು ತಂದ ಕಂಪನಿಯವರು ಮೂಲ ಸರಕನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ಬೆಂಗಳೂರಿನ ಬಯೋಕಾನ್ 2004ರಿಂದ ಇನ್ಸುಲಿನ್ ಮಾಡುತ್ತಿರುವುದೂ ಒಂದು ಬಗೆಯ ಯೀಸ್ಟ್‌ನಲ್ಲೇ. ನಿಜ ಹೇಳಬೇಕೆಂದರೆ ಸಸ್ಯಾಹಾರಿಗಳು ಚಿಂತಿಸಬೇಕಿದ್ದುದು ಹಿಂದಿನ ಕಾಲದ ಇನ್ಸುಲಿನ್ನಿಗೆ. ಅದು ಹಂದಿ, ದನದ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. ಮೊದಮೊದಲು ವಾಕರಿಕೆ ಬರಬಹುದು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇದ್ದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ಮೇಡಂ, ನಾನು ಫಸ್ಟ್ ಪಿಯುಸಿ, ಗೋಕಾಕ. ಬ್ಯಾಟರಿಗೆ ಮೊಳೆ ಹೊಡೆದು ಬೆಂಕಿ ಹತ್ತುತ್ತೋ ಇಲ್ಲೋ ನೋಡುವ ವಿಡಿಯೋ ನೋಡಿದೆ. ಸೈನ್ಸ್ ಎಕ್ಸಿಬಿಷನ್‌ಗೆ ಹಳೆ ಮೊಬೈಲ್ ಬ್ಯಾಟರಿಯಲ್ಲಿ ಮಾಡಲಾ?

ಬೇಡ ಕಣಪ್ಪ. ನೀನು ನೋಡಿದ್ದು ಬಿವೈಡಿಯವರು 2020ರಲ್ಲಿ ತೋರಿಸಿದ್ದಿರಬೇಕು. ಅದು ಕಬ್ಬಿಣ-ಫಾಸ್ಫೇಟ್ ಸೆಲ್, ಮಾಡಿದ್ದು ಪರೀಕ್ಷೆಗೆಂದೇ ಕಟ್ಟಿದ ಕೋಣೆಯಲ್ಲಿ. ಮೊಬೈಲಿನದು ಸಾಮಾನ್ಯವಾಗಿ ಕೋಬಾಲ್ಟಿನ ಜಾತಿ. ಮೊಳೆ ಇಳಿದರೆ ಉರಿಯುತ್ತದೆ, ಬರುವ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶ ಸುಡುತ್ತದೆ.

ಬದಲಿಗೆ ಇದನ್ನು ಮಾಡು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹಾಸು. ಅದರ ಮೇಲೆ ಗಟ್ಟಿ ಉಪ್ಪುನೀರಲ್ಲಿ ನೆನೆಸಿದ ಟಿಶ್ಯೂ ಪೇಪರ್. ಅದರ ಮೇಲೆ ಆಕ್ಟಿವೇಟೆಡ್ ಇದ್ದಿಲಿನ ಪುಡಿ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೂ ಸ್ವಲ್ಪ ಉಪ್ಪುನೀರು ಚಿಮುಕಿಸು. ಮಲ್ಟಿಮೀಟರಿನ ಒಂದು ತಂತಿ ಫಾಯಿಲಿಗೆ, ಇನ್ನೊಂದು ಇದ್ದಿಲಿಗೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬರಬೇಕು. ಇಂಥ ಮೂರ್ನಾಲ್ಕನ್ನು ಸಾಲಾಗಿ ಜೋಡಿಸಿದರೆ ಕೆಂಪು ಎಲ್‌ಇಡಿ ಹತ್ತುತ್ತದೆ. ಹತ್ತದಿದ್ದರೆ ಇದ್ದಿಲನ್ನು ಇನ್ನೂ ನುಣ್ಣಗೆ ಅರೆದು, ಮೇಲಿಂದ ಗಟ್ಟಿಯಾಗಿ ಒತ್ತಿ ಹಿಡಿ. ಇದ್ದಿಲು ಮಾತ್ರ ಫಾಯಿಲಿಗೆ ಎಲ್ಲೂ ತಾಗಬಾರದು.